ಹಳದಿಗೆ ತಿರುಗಿದ ಚಿತ್ರ

ಯೋಹಾನೆಸ್ ವರ್ಮೀರನು 1660ರ ಸುಮಾರಿನಲ್ಲಿ ಬರೆದ ಒಂದು ಸಣ್ಣ ತೈಲಚಿತ್ರವು ಹಾಲೆಂಡ್ ದೇಶದ ಆಮ್‌ಸ್ಟರ್‌ಡ್ಯಾಮ್ ನಗರದ ರೈಕ್ಸ್ ಮ್ಯೂಸಿಯಮ್ಮಿನಲ್ಲಿದೆ. ಒಂದು ಮೊಳ ಎತ್ತರ, ಅಗಲ ಅದಕ್ಕಿಂತ ತುಸು ಕಡಮೆ. ಇಷ್ಟೇ ಅದರ ಅಳತೆ. ಮನೆಗೆಲಸದ ಹೆಂಗಸೊಬ್ಬಳು ಕಿಟಕಿಯ ಪಕ್ಕದಲ್ಲಿ ನಿಂತು, ಹೂಜಿಯನ್ನು ಎರಡು ಕೈಗಳಿಂದಲೂ ಹಿಡಿದು ಬಾಗಿಸಿ, ಬೋಗುಣಿಗೆ ಹಾಲನ್ನು ಸುರಿಯುತ್ತಿದ್ದಾಳೆ. ಮೇಜಿನ ಮೇಲೆ ರೊಟ್ಟಿಯ ತುಂಡುಗಳಿವೆ. ಅವಳ ಕುಪ್ಪಸ ಹಳದಿ, ನಡುವಿಗೆ ಕಟ್ಟಿದ ವಸ್ತ್ರ ನೀಲಿ. ಹಿಂದಣ ಗೋಡೆ ಸುಣ್ಣ ಬಳಿದ ಬಿಳಿಯ ಗೋಡೆ, ಅದರಲ್ಲಿ ಒಂದು ಮೊಳೆಯೂ ಹಿಂದೆ ಮೊಳೆಗಳಿದ್ದ ತೂತುಗಳೂ ಕಾಣುತ್ತವೆ. ಮಹತ್ತಾದ ಘಟನೆಯೊಂದೂ ಆ ಪಟದಲ್ಲಿಲ್ಲ. ಆದರೂ ಆ ಬಿಳಿಯ ಗೋಡೆಯ ಮೇಲೆ ಬಿದ್ದ ಬೆಳಗಿನ ಬೆಳಕನ್ನು ನೋಡುವುದಕ್ಕಾಗಿಯೇ ಲೋಕದ ನಾನಾ ಮೂಲೆಗಳಿಂದ ರಸಿಕರು ಅಲ್ಲಿಗೆ ಹೋಗುತ್ತಾರೆ.

ಈ ಚಿತ್ರಕ್ಕೆ ಸಂಬಂಧಿಸಿದ ಒಂದು ಸಂಗತಿಯನ್ನು ಯೂರೋಪಿನ ಸಂಗ್ರಹಾಲಯಗಳ ವಲಯದಲ್ಲಿ ದೃಷ್ಟಾಂತವಾಗಿ ಹೇಳುವುದುಂಟು. ಸುಮಾರು ಹದಿನೈದು ವರ್ಷಗಳ ಹಿಂದೆ ಆ ಮ್ಯೂಸಿಯಮ್ಮಿನವರು ಅಂತರ್ಜಾಲದಲ್ಲಿ ಹುಡುಕಿ ನೋಡಿದಾಗ ಇದರ ನಕಲುಗಳು ಹತ್ತು ಸಾವಿರದಷ್ಟು ಸಿಕ್ಕಿದವು. ಅವುಗಳಲ್ಲಿ ಬಹುಭಾಗ ಯಾರೋ ಯಾವುದೋ ಹಳೆಯ ಪುಸ್ತಕದಿಂದಲೋ ಕ್ಯಾಲೆಂಡರಿನಿಂದಲೋ ತೆಗೆದ ಕಳಪೆಯ ಪ್ರತಿಗಳಾಗಿದ್ದು, ಬಿಳಿಯ ಗೋಡೆ ಮೊದಲಾಗಿ ಸಕಲವೂ ಅರಿಸಿನ ಬಳಿದಂತೆ ಹಳದಿಗೆ ತಿರುಗಿದ್ದುವು. ಇದರ ಪರಿಣಾಮ ಏನಾಯಿತೆಂದರೆ, ಮ್ಯೂಸಿಯಮ್ಮಿನ ಅಂಗಡಿಯಲ್ಲಿ ಮೂಲಚಿತ್ರಕ್ಕೆ ನಿಷ್ಠವಾಗಿ ಅಚ್ಚು ಹಾಕಿಸಿ ಮಾರುತ್ತಿದ್ದ ಅಂಚೆ ಕಾರ್ಡುಗಳನ್ನು ಕಂಡ ಪ್ರೇಕ್ಷಕರು ಅವನ್ನು ನಂಬದಾದರು! ಸುಳ್ಳಿನ ಬಳಕೆ ಹೆಚ್ಚಿ ನಿಜವೇ ಸುಳ್ಳಾಗಿ ಕಂಡ ಈ ಪ್ರಸಂಗದಿಂದ ಸಂಗ್ರಹಾಲಯದ ಅಧಿಕಾರಿಗಳು ತೆಗೆದ ತೀರ್ಮಾನವು ಸ್ಮರಣೀಯವಾದದ್ದು. ಕೆಟ್ಟ ನಕಲುಗಳನ್ನು ಅಟ್ಟಿಸಿಕೊಂಡು ಹೋಗಿ ಅಳಿಸುವುದು ಅಸಾಧ್ಯ. ನ್ಯಾಯಾಲಯದ ಮೆಟ್ಟಿಲು ಹತ್ತುವುದು ವ್ಯರ್ಥ. ಉಳಿದಿರುವ ಉಪಾಯ ಒಂದೇ, ಅತ್ಯುತ್ತಮವಾದ ಪ್ರತಿಯನ್ನು ತಾವೇ ತೆಗೆದು, ಬೆಲೆಯಿಲ್ಲದೆ, ಅಡ್ಡಿಯಿಲ್ಲದೆ, ಲೋಕದ ಮುಂದೆ ಇಟ್ಟುಬಿಡುವುದು.

ಕಲಾಸಂಸ್ಥೆಗಳು ಡಿಜಿಟಲ್ ತಂತ್ರಜ್ಞಾನವನ್ನು ಬಳಸಿಕೊಳ್ಳುವ ವಿಷಯದಲ್ಲಿ ಇಂದು ಎಷ್ಟೋ ವಿಚಾರಗೋಷ್ಠಿಗಳು ನಡೆಯುತ್ತವೆ, ಎಷ್ಟೋ ಯೋಜನಾವರದಿಗಳು ಸಿದ್ಧವಾಗುತ್ತವೆ. ಅವುಗಳಲ್ಲಿ ಬಹುಪಾಲು ಯಂತ್ರದ ಮಾತು: ಎಂಥ ಕ್ಯಾಮೆರಾ, ಎಂಥ ಜಾಲತಾಣ, ಎಷ್ಟು ಅನುದಾನ. ನನ್ನ ಅಭಿಪ್ರಾಯದಲ್ಲಿ ಯಂತ್ರವು ಇಲ್ಲಿ ಎರಡನೆಯ ಮಾತು. ತನ್ನ ವಶದಲ್ಲಿರುವ ವಸ್ತುವಿಗೆ ತಾನು ಒಡೆಯನೋ ಧರ್ಮದರ್ಶಿಯೋ ಎಂಬ ಪ್ರಶ್ನೆಗೆ ಸಂಸ್ಥೆಯು ಯಾವ ಉತ್ತರವನ್ನು ಕೊಟ್ಟುಕೊಂಡಿದೆ ಎಂಬುದರ ಮೇಲೆಯೇ ಉಳಿದುದೆಲ್ಲ ನಿಂತಿದೆ. ಒಡೆಯನೆಂದು ಭಾವಿಸಿದವನ ಕೈಗೆ ಎಂಥ ಯಂತ್ರವನ್ನು ಕೊಟ್ಟರೂ ಅವನು ಅದರಿಂದ ಇನ್ನಷ್ಟು ಗಟ್ಟಿಯಾದ ಬೀಗವನ್ನೇ ಮಾಡಿಕೊಳ್ಳುತ್ತಾನೆ.

ಬೀಗ ಹಾಕುವವರ ಪಕ್ಷದಲ್ಲಿ ನ್ಯಾಯವೇ ಇಲ್ಲವೆಂದು ಹೇಳಲಾಗದು. ಒಂದು ತಾಳೆಗರಿಯ ಕಟ್ಟನ್ನೋ ಭಿತ್ತಿಚಿತ್ರವನ್ನೋ ನೂರಾರು ವರ್ಷ ಗೆದ್ದಲಿನಿಂದ, ತೇವದಿಂದ, ಕಳ್ಳರಿಂದ ಕಾಪಾಡಿಕೊಂಡು ಬಂದವರಿಗೆ ಅದರ ಮೇಲೆ ಮಮತೆಯೂ, ಮಮತೆಯ ಬೆನ್ನಿಗೇ ಮಮಕಾರವೂ ಹುಟ್ಟುವುದು ಸಹಜ. ಛಾಯಾಚಿತ್ರ ತೆಗೆಯಬಾರದೆಂಬ ಫಲಕವನ್ನು ಮೊದಲು ತೂಗುಹಾಕಿದವರು ಬಣ್ಣ ಮಾಸೀತೆಂಬ ಭಯದಿಂದಲೇ ತೂಗುಹಾಕಿದ್ದಿರಬೇಕು. ಕಾಲಕ್ರಮದಲ್ಲಿ ಭಯ ಹೋಗಿ ಫಲಕ ಉಳಿಯಿತು. ಆಮೇಲೆ ಫಲಕಕ್ಕೆ ಒಂದು ಶುಲ್ಕದ ಪಟ್ಟಿಯೂ ಸೇರಿಕೊಂಡಿತು.

ರೈಕ್ಸ್ ಮ್ಯೂಸಿಯಮ್ಮಿನ ಕಥೆಗೆ ಹಿಂತಿರುಗೋಣ. 1885ರಲ್ಲಿ ತೆರೆದ ಆ ಭವ್ಯ ಮಂದಿರವನ್ನು ಜೀರ್ಣೋದ್ಧಾರದ ನಿಮಿತ್ತ 2003ರಲ್ಲಿ ಮುಚ್ಚಿದವರು, 2013ರ ಏಪ್ರಿಲ್ 13ರಂದು ತೆರೆದರು. ಹತ್ತು ವರ್ಷಗಳ ಕಾಲ, ಒಂದು ಪಾರ್ಶ್ವದಲ್ಲಿ ಇಟ್ಟಿದ್ದ ಕೆಲವು ಮುಖ್ಯ ಕೃತಿಗಳ ಹೊರತು, ರಾಷ್ಟ್ರದ ಸಂಪತ್ತು ಜನರ ಕಣ್ಣಿಗೆ ಮರೆಯಾಗಿತ್ತು. ಸುಮಾರು ಹತ್ತು ಲಕ್ಷ ವಸ್ತುಗಳಿರುವ ಆ ಸಂಗ್ರಹದಲ್ಲಿ ಗೋಡೆಗಳ ಮೇಲೆ ಕಾಣುವುದು ಎಂಟು ಸಾವಿರ ಮಾತ್ರ ಎಂಬುದನ್ನು ನೆನೆದರೆ, ತೆರೆದಿದ್ದಾಗಲೂ ಅದು ಬಹುಮಟ್ಟಿಗೆ ಮುಚ್ಚಿದ ಮನೆಯೇ ಆಗಿತ್ತೆಂದು ಹೇಳಬೇಕಾಗುತ್ತದೆ. ಬಾಗಿಲು ತೆರೆಯುವುದಕ್ಕೆ ಆರು ತಿಂಗಳ ಮುಂಚೆ, 2012ರ ಅಕ್ಟೋಬರಿನಲ್ಲಿ, ಸಂಸ್ಥೆಯು ‘ರೈಕ್ಸ್ ಸ್ಟುಡಿಯೊ’ ಎಂಬ ಹೆಸರಿನಿಂದ 1,25,000 ಕೃತಿಗಳ ಚಿತ್ರಗಳನ್ನು ಜಾಲತಾಣದಲ್ಲಿ ಇಟ್ಟಿತು. ಬರಿಯ ನೋಡುವುದಕ್ಕೆಂದು ಅಂಗುಷ್ಠಮಾತ್ರದ ಪ್ರತಿಗಳನ್ನಿಟ್ಟು ಕೈತೊಳೆದುಕೊಳ್ಳಲಿಲ್ಲ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬೇಕಾದ ಭಾಗವನ್ನು ಕತ್ತರಿಸಿಕೊಳ್ಳಬಹುದು, ಸೀರೆಗೋ ಕಪ್ಪುಸಾಸರಿಗೋ ಗೋಡೆಯ ಕಾಗದಕ್ಕೋ ಅಚ್ಚು ಹಾಕಿಕೊಳ್ಳಬಹುದು, ಅದನ್ನು ಮಾರಿ ನಾಲ್ಕು ಕಾಸು ಸಂಪಾದಿಸಲೂಬಹುದು. ಮೊದಮೊದಲು ಮಧ್ಯಮ ದರ್ಜೆಯ ಪ್ರತಿಗಳನ್ನು ಉಚಿತವಾಗಿ ಕೊಟ್ಟು ಶ್ರೇಷ್ಠ ದರ್ಜೆಯವುಗಳಿಗೆ ಹಣ ಕೇಳುತ್ತಿದ್ದವರು, ಆ ಹಣವನ್ನು ವಸೂಲು ಮಾಡುವ ತೊಡಕಿನ ಮುಂದೆ ಬಂದ ಹಣವು ಅಲ್ಪವೆಂಬುದನ್ನು ಕಂಡುಕೊಂಡು, ಕೊನೆಗೆ ಅದನ್ನೂ ಬಿಟ್ಟುಕೊಟ್ಟರು. ಇಂದು ಅಲ್ಲಿ ಏಳು ಲಕ್ಷಕ್ಕೂ ಹೆಚ್ಚು ಕೃತಿಗಳ ಚಿತ್ರಗಳು ಲಭ್ಯವಾಗಿವೆ. ಅಮೆರಿಕದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿಯೂ, ವಾಷಿಂಗ್‌ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆ 2020ರಲ್ಲಿಯೂ ಇದೇ ದಾರಿಯನ್ನು ಹಿಡಿದವು.

ಕೊಡುವುದೆಂದು ನಿಶ್ಚಯಿಸಿದ ಮೇಲೆ ಯಂತ್ರದ ಮಹಿಮೆ ನಿಜವಾಗಿ ಗೋಚರವಾಗುತ್ತದೆ. ರೆಂಬ್ರಾಂಟನು 1642ರಲ್ಲಿ ಮುಗಿಸಿದ ‘ರಾತ್ರಿ ಪಹರೆ’ ಎಂಬ ಮಹಾಚಿತ್ರವು ಇದೇ ಮ್ಯೂಸಿಯಮ್ಮಿನ ಗರ್ಭಗುಡಿಯೆನ್ನಬಹುದಾದ ಮಂಟಪದಲ್ಲಿದೆ. 2022ರ ಜನವರಿಯಲ್ಲಿ ಅವರು ಪ್ರಕಟಿಸಿದ ಅದರ ಛಾಯಾಪ್ರತಿಯು 8,439 ಬಿಡಿ ಚಿತ್ರಗಳನ್ನು ಗಣಕಯಂತ್ರದಿಂದ ಒಂದಕ್ಕೊಂದು ಹೊಲಿದು ಮಾಡಿದುದಾಗಿದ್ದು, ಅದರಲ್ಲಿರುವ ಬಿಂದುಗಳ ಸಂಖ್ಯೆ 71,700 ಕೋಟಿ. ಒಂದು ಬಿಂದುವಿಗೂ ಇನ್ನೊಂದಕ್ಕೂ ನಡುವಣ ಅಂತರ ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲು. ಪಟದ ಎದುರಿಗೆ ನಿಂತವನಿಗೆ ಹಗ್ಗದ ಆಚೆಗೆ ಹೋಗಲು ಅಪ್ಪಣೆಯಿಲ್ಲ; ಅಪ್ಪಣೆಯಿದ್ದರೂ ಕಣ್ಣಿಗೆ ಅಷ್ಟು ಶಕ್ತಿಯಿಲ್ಲ. ತನ್ನ ಮನೆಯ ಮೇಜಿನ ಮುಂದೆ ಕುಳಿತವನಾದರೋ ಸೇನಾನಿಯ ಕಣ್ಣಿನ ಮಿಂಚಿನವರೆಗೂ, ಬಣ್ಣದ ಪದರದಲ್ಲಿ ಬಿಟ್ಟ ಬಿರುಕಿನವರೆಗೂ, ವರ್ಣದ್ರವ್ಯದ ಕಣದವರೆಗೂ ಇಳಿದು ಹೋಗಬಹುದು. ಈ ಚಿತ್ರವನ್ನು ತೆಗೆದದ್ದು ಪ್ರದರ್ಶನಕ್ಕೆಂದಲ್ಲ, ಚಿತ್ರದ ಚಿಕಿತ್ಸೆಗೆಂದು. ವೈದ್ಯರ ಉಪಯೋಗಕ್ಕೆ ತೆಗೆದುದನ್ನೇ ಜನರಿಗೂ ಹಂಚಿದರು.

ಇದೇ ಪಟವನ್ನು 1715ರಲ್ಲಿ ನಗರಸಭಾಭವನಕ್ಕೆ ಸಾಗಿಸಿದಾಗ ಅಲ್ಲಿನ ಗೋಡೆಗೆ ಹೊಂದಲಿಲ್ಲವೆಂದು ನಾಲ್ಕು ಕಡೆಯೂ ಕತ್ತರಿಸಿ ಹಾಕಿದ್ದರು! ಕತ್ತರಿಸಿದ ಅಂಚುಗಳು ಎಲ್ಲಿ ಹೋದವೋ ಯಾರಿಗೂ ಗೊತ್ತಿಲ್ಲ. ಗೆರಿಟ್ ಲುಂಡೆನ್ಸ್ ಎಂಬ ಚಿತ್ರಕಾರನು ಅದಕ್ಕೆ ಮುಂಚೆಯೇ ಮಾಡಿಟ್ಟಿದ್ದ ಸಣ್ಣ ನಕಲೊಂದರ ಆಧಾರದ ಮೇಲೆ, ರೆಂಬ್ರಾಂಟನ ಕೈವಾಡವನ್ನು ಗಣಕಯಂತ್ರಕ್ಕೆ ‘ಕಲಿಸಿ’, 2021ರಲ್ಲಿ ಆ ಕಳೆದ ಭಾಗಗಳನ್ನು ಕೃತಕವಾಗಿ ಸೃಷ್ಟಿಸಿ, ಮೂಲಚಿತ್ರದ ಸುತ್ತ ಕೆಲವು ತಿಂಗಳು ಇರಿಸಿದರು; ಆಮೇಲೆ ತೆಗೆದುಬಿಟ್ಟರು. ಮಾಡಿದ್ದು ಜಾಣತನ, ತೆಗೆದದ್ದು ವಿವೇಕ. ಇದು ರೆಂಬ್ರಾಂಟನದಲ್ಲ, ನಮ್ಮ ಊಹೆ ಎಂದು ಸ್ಪಷ್ಟವಾಗಿ ಹೇಳಿ ಮಾಡಿದ ಈ ಪ್ರಯೋಗವನ್ನು, ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ವಿಗ್ರಹಗಳಿಗೆ ಎಣ್ಣೆಬಣ್ಣ ಬಳಿಯುವ ನಮ್ಮ ಕಡೆಯ ಉತ್ಸಾಹಿಗಳು ಒಮ್ಮೆ ಗಮನಿಸಿದರೆ ಒಳ್ಳೆಯದು.

ಎಲ್ಲವನ್ನೂ ಮನೆಯಲ್ಲೇ ಕುಳಿತು ನೋಡುವಂತಾದರೆ ಮ್ಯೂಸಿಯಮ್ಮಿಗೆ ಯಾರು ಬರುತ್ತಾರೆ ಎಂಬ ಅನುಮಾನವನ್ನು ಆಡಳಿತ ಮಂಡಲಿಗಳ ಸಭೆಗಳಲ್ಲಿ ಯಾರಾದರೊಬ್ಬರು ಎತ್ತಿಯೇ ಎತ್ತುತ್ತಾರೆ. 2023ರ ಫೆಬ್ರವರಿಯಿಂದ ಜೂನಿನವರೆಗೆ ಇದೇ ಮ್ಯೂಸಿಯಂ ವರ್ಮೀರನ ಕೃತಿಗಳ ಪ್ರದರ್ಶನವನ್ನು ಏರ್ಪಡಿಸಿತು. ಲೋಕದಲ್ಲಿ ಉಳಿದಿರುವ ಅವನ ಸುಮಾರು 37 ಚಿತ್ರಗಳ ಪೈಕಿ 28 ಅಲ್ಲಿ ಒಂದೆಡೆ ಸೇರಿದ್ದವು. ಅವುಗಳೆಲ್ಲದರ ಪ್ರತಿಗಳೂ ಅಂತರ್ಜಾಲದಲ್ಲಿ ದೊರೆಯುತ್ತಿದ್ದವು. ಮ್ಯೂಸಿಯಮ್ಮೇ ಬಾಗಿಲು ತೆರೆಯುವ ಮುನ್ನವೇ ಅವನ ಚಿತ್ರಗಳ ಸುದೀರ್ಘವಾದ ಅಂತರ್ಜಾಲ ಪ್ರವಾಸವೊಂದನ್ನು ಉಚಿತವಾಗಿ ಒದಗಿಸಿತ್ತು. ಹೀಗಿದ್ದರೂ ಪ್ರದರ್ಶನ ಪ್ರಾರಂಭವಾದ ಕೆಲವೇ ದಿನಗಳಲ್ಲಿ ಟಿಕೆಟುಗಳೆಲ್ಲ ಮಾರಿಹೋದವು. ನೋಡಿದವರ ಸಂಖ್ಯೆ ಆರೂವರೆ ಲಕ್ಷ. ಉಚಿತವಾಗಿ ಕೊಟ್ಟುದರಿಂದಲೇ ಇಷ್ಟು ಜನ ಬಂದರೆಂದು ನಾನು ವಾದಿಸಲಾರೆ. ಕೊಟ್ಟುದರಿಂದ ಜನ ಬರುವುದು ನಿಲ್ಲಲಿಲ್ಲವೆಂಬುದಕ್ಕಂತೂ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ದೇವರ ಪಟವನ್ನು ಮನೆಮನೆಯಲ್ಲೂ ಇಟ್ಟುಕೊಂಡಿರುವ ನಮ್ಮ ಜನ ತಿರುಪತಿಗೆ ಹೋಗುವುದನ್ನು ಬಿಟ್ಟಿದ್ದಾರೆಯೇ?

ಇದಕ್ಕೆ ಪ್ರತಿಯಾದ ದೃಷ್ಟಾಂತವೂ ಉಂಟು. ಲಿಯೊನಾರ್ಡೊ ಡ ವಿಂಚಿಯು ಸುಮಾರು 1490ರಲ್ಲಿ ಬರೆದ, ವೃತ್ತದೊಳಗೂ ಚೌಕದೊಳಗೂ ಕೈಕಾಲು ಚಾಚಿ ನಿಂತ ಪುರುಷನ ರೇಖಾಚಿತ್ರವನ್ನು ಅರಿಯದವರು ವಿರಳ. ಆ ಕಾಗದ ವೆನಿಸಿನ ಕಲಾಸಂಗ್ರಹಾಲಯವೊಂದರ ಸ್ವತ್ತು. ಜರ್ಮನಿಯ ರಾವೆನ್ಸ್‌ಬರ್ಗರ್ ಎಂಬ ಆಟಿಕೆ ಕಂಪೆನಿಯವರು ಅದರ ಚಿತ್ರವನ್ನು ಮಕ್ಕಳೂ ದೊಡ್ಡವರೂ ಜೋಡಿಸುವ ಚೂರುಚಿತ್ರದ ಆಟಕ್ಕೆ ಬಳಸಿಕೊಂಡದ್ದಕ್ಕಾಗಿ, ಇಟಲಿಯ ಸಾಂಸ್ಕೃತಿಕ ಸಂಪತ್ತಿನ ಕಾನೂನಿನಡಿಯಲ್ಲಿ ದಾವೆ ಹೂಡಲಾಗಿ, 2022ರಲ್ಲಿ ವೆನಿಸಿನ ನ್ಯಾಯಾಲಯ ಸಂಗ್ರಹಾಲಯದ ಪರವಾಗಿ ಆಜ್ಞೆ ಮಾಡಿತು. 2024ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ನ್ಯಾಯಾಲಯ ಇಟಲಿಯ ಕಾನೂನು ಇಟಲಿಯ ಗಡಿಯನ್ನು ದಾಟಲಾರದೆಂದು ಕಂಪೆನಿಯ ಪರವಾಗಿ ತೀರ್ಪಿತ್ತಿತು. ಲಿಯೊನಾರ್ಡೊ ತೀರಿಕೊಂಡದ್ದು 1519ರಲ್ಲಿ. ಐದು ನೂರು ವರ್ಷಗಳ ಹಿಂದೆ ಗತಿಸಿದವನ ಗೆರೆಗಳಿಗೆ ಈಗ ಬಾಡಿಗೆ ಯಾರಿಗೆ, ಏತಕ್ಕೆ ಸಲ್ಲಬೇಕು? ನಮ್ಮ ದೇಶದ ಕಾಯಿದೆಯ ಪ್ರಕಾರ ಲೇಖಕನು ಗತಿಸಿದ 60 ವರ್ಷಗಳ ತರುವಾಯ ಅವನ ಕೃತಿ ಎಲ್ಲರದೂ ಆಗುತ್ತದೆ. ಕಾನೂನು ತೆರೆದ ಬಾಗಿಲನ್ನು ಸಂಸ್ಥೆಗಳು ಶುಲ್ಕದ ಚೀಟಿಯಿಂದ ಮತ್ತೆ ಮುಚ್ಚುವುದು ಧರ್ಮವಲ್ಲ.

ಹಾಲೆಂಡಿನವರ ಬಳಿ ಹಣವಿದೆ, ಮಾಡುತ್ತಾರೆ. ನಮ್ಮಿಂದ ಆಗುವುದೇ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಆದುದರಿಂದ ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿರುವ ಮಿಥಿಕ್ ಸೊಸೈಟಿಯ ಕೆಲಸವನ್ನು ತುಸು ವಿಸ್ತಾರವಾಗಿ ಹೇಳುವುದು ಉಚಿತ. 1909ರಲ್ಲಿ ಸ್ಥಾಪಿತವಾದ ಆ ವಿದ್ವತ್ಸಂಸ್ಥೆಯು 2021ರಿಂದ ಬೆಂಗಳೂರು ಸೀಮೆಯ ಶಿಲಾಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಸುತ್ತಿದೆ.

ಶಾಸನವನ್ನು ಕಾಗದಕ್ಕೆ ಇಳಿಸುವ ಹಳೆಯ ಕ್ರಮವನ್ನು ನೋಡಿದವರಿಗೆ ಅದರ ಶ್ರಮ ಗೊತ್ತು. ಕಲ್ಲನ್ನು ತೊಳೆದು, ಅಕ್ಷರದ ಕುಳಿಗಳಲ್ಲಿ ಕೂತ ಮಣ್ಣನ್ನೂ ಹಾವಸೆಯನ್ನೂ ಉಜ್ಜಿ ತೆಗೆದು, ನೀರಿನಲ್ಲಿ ನೆನೆಸಿದ ಕಾಗದವನ್ನು ಅದರ ಮೈಗೆ ಅಂಟಿಸಿ, ಗಡುಸಾದ ಕುಂಚದಿಂದ ಹದವರಿತು ಬಡಿಯಬೇಕು. ಬಡಿತ ಹೆಚ್ಚಾದರೆ ಕಾಗದ ಹರಿಯುತ್ತದೆ, ಕಡಮೆಯಾದರೆ ಅಕ್ಷರದ ಕುಳಿಗೆ ಇಳಿಯುವುದಿಲ್ಲ. ಆಮೇಲೆ ಬಟ್ಟೆಯ ಉಂಡೆಯನ್ನು ಮಸಿಯಲ್ಲಿ ಅದ್ದಿ ಮೆಲ್ಲಮೆಲ್ಲನೆ ಒತ್ತುತ್ತ ಬಂದರೆ ಕಲ್ಲಿನ ಮೈ ಕಪ್ಪಾಗಿಯೂ ಅಕ್ಷರಗಳು ಬಿಳಿಯಾಗಿಯೂ ಮೂಡುತ್ತವೆ. ಬೆಂಗಳೂರಿನಲ್ಲೇ ಹುಟ್ಟಿ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಬೆಂಜಮಿನ್ ಲೂಯಿ ರೈಸರು ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಬೆಳಕಿಗೆ ತಂದದ್ದು ಇಂಥ ಪಡಿಯಚ್ಚುಗಳ ಬಲದಿಂದ. ಬೆಂಗಳೂರು ಜಿಲ್ಲೆಯ ಸಂಪುಟ 1905ರಲ್ಲಿ ಹೊರಟಿತು. ಅಂದು ರೈಸರು ‘ಊರ ಮುಂದಿನ ಹೊಲದಲ್ಲಿ’, ‘ಕೆರೆಯ ಕೋಡಿಯ ಬಳಿ’ ಎಂಬ ಬಗೆಯಲ್ಲಿ ನೆಲೆ ಗುರುತಿಸಿದ ಎಷ್ಟೋ ಕಲ್ಲುಗಳನ್ನು ಇಂದು ಹುಡುಕಿಕೊಂಡು ಹೋದರೆ, ಹೊಲವಿಲ್ಲ, ಕೆರೆಯಿಲ್ಲ, ಕಲ್ಲೂ ಇಲ್ಲ. ಕೆಲವು ಚರಂಡಿಗೆ ಹಾಸಾದವು. ಕೆಲವು ಬಡಾವಣೆಯ ತಳಪಾಯಕ್ಕೆ ಸೇರಿದವು.

ಹೊಸ ಕ್ರಮದಲ್ಲಿ ಕೈಯಲ್ಲಿ ಹಿಡಿಯುವಂಥ ಯಂತ್ರವೊಂದು ಕಲ್ಲಿನ ಮೇಲೆ ಬೆಳಕನ್ನು ಚೆಲ್ಲುತ್ತ, ಮರಳುವ ಬೆಳಕಿನಿಂದ ಅದರ ಮೈಯ ಉಬ್ಬುತಗ್ಗುಗಳನ್ನು ಅಳೆಯುತ್ತ ಸಾಗುತ್ತದೆ. ಕಲ್ಲನ್ನು ಮುಟ್ಟುವ ಅಗತ್ಯವೇ ಇಲ್ಲ. ಗಣಕಯಂತ್ರದ ತೆರೆಯ ಮೇಲೆ ಆ ಕಲ್ಲು ಹಾಗೆಯೇ ಎದ್ದು ನಿಲ್ಲುತ್ತದೆ: ಅದನ್ನು ತಿರುಗಿಸಬಹುದು, ಮಗುಚಬಹುದು, ಬೇಕಾದ ಕಡೆಯಿಂದ ಕೃತಕವಾದ ಬಿಸಿಲನ್ನು ಬೀಳಿಸಬಹುದು. ಸವೆದ ಅಕ್ಷರಗಳನ್ನು ಓದುವವರಿಗೆ ಓರೆಬಿಸಿಲಿನ ಬೆಲೆ ಗೊತ್ತು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಸೂರ್ಯನು ಕರುಣಿಸುತ್ತಿದ್ದ ಆ ಓರೆ ಬೆಳಕು ಈಗ ಹಗಲಿರುಳೂ ಓದುಗನ ಬೆರಳ ತುದಿಯಲ್ಲಿದೆ. ಪಡಿಯಚ್ಚಿನಲ್ಲಿ ಮಸಿಯ ಕಲೆಯಾಗಿ ಮುಚ್ಚಿಹೋಗುತ್ತಿದ್ದ ಒಂದು ಒತ್ತಕ್ಷರವು ಹೀಗೆ ಕಂಡುಬಂದರೆ, ಒಂದು ಹೆಸರು ಬದಲಾಗಬಹುದು. ಹೆಸರು ಬದಲಾದರೆ ಇತಿಹಾಸದ ಒಂದು ವಾಕ್ಯವೂ ಬದಲಾಗಬಹುದು.

ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಇದಕ್ಕೆ ಒಳ್ಳೆಯ ಉದಾಹರಣೆ. ಗಂಗರ ಶ್ರೀಪುರುಷನ ಕಾಲದ್ದು, ಕ್ರಿ.ಶ. 750ರ ಸುಮಾರಿನದು, ‘ಬೆಂಗಳೂರು’ ಎಂಬ ಹೆಸರನ್ನು ಹೊತ್ತ ಬೇಗೂರಿನ ಸುಪ್ರಸಿದ್ಧ ಕಲ್ಲಿಗಿಂತಲೂ ನೂರು ವರ್ಷಕ್ಕೆ ಮೇಲ್ಪಟ್ಟು ಹಿರಿಯದು. ಹನ್ನೆರಡು ನೂರು ವರ್ಷ ದಾಟಿದ ಆ ಕಲ್ಲು ಇನ್ನೊಂದು ನೂರು ವರ್ಷ ಉಳಿಯುವುದೋ ಇಲ್ಲವೋ, ಅದರ ಮೈಯ ಗೆರೆಗೆರೆಯೂ ಈಗ ಬೇರೊಂದು ರೂಪದಲ್ಲಿ ಉಳಿದಿದೆ. ಸೊಸೈಟಿಯ ಕಾರ್ಯಕರ್ತರು ಇಂಥ ಪ್ರತಿಗಳನ್ನು ಯಾರು ಬೇಕಾದರೂ ತೆರೆದು ನೋಡುವಂತೆ ಅಂತರ್ಜಾಲದಲ್ಲಿ ಇಡುತ್ತ ಬಂದಿದ್ದಾರೆ. ಯಂತ್ರಕ್ಕಿಂತ ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಇದು. ಊರಿನ ಹುಡುಗನೊಬ್ಬ ತನ್ನ ಬಸ್ ನಿಲ್ದಾಣದ ಹಿಂದೆ ನಿಂತಿರುವ ಕಲ್ಲು ಏನು ಹೇಳುತ್ತದೆಂದು ಮೊಬೈಲಿನಲ್ಲಿ ಓದಿಕೊಂಡರೆ, ಆ ಕಲ್ಲಿಗೆ ಅವನಿಗಿಂತ ಒಳ್ಳೆಯ ಕಾವಲುಗಾರ ಬೇರೆ ಸಿಗಲಾರ.

ಗ್ರಂಥಗಳ ವಿಷಯದಲ್ಲಿಯೂ ನಮ್ಮಲ್ಲಿ ಔದಾರ್ಯದ ನಿದರ್ಶನಗಳು ಇಲ್ಲದಿಲ್ಲ. ಕರ್ನಾಟಕ ಸರ್ಕಾರವು ಹದಿನೈದು ಸಂಪುಟಗಳಲ್ಲಿ ಹೊರತಂದ ಸಮಗ್ರ ವಚನ ಸಾಹಿತ್ಯವನ್ನು ಆಧಾರವಾಗಿಟ್ಟುಕೊಂಡು, ಕೆಲವರು ಉತ್ಸಾಹಿಗಳು ಸಂಬಳವಿಲ್ಲದೆ ದುಡಿದು ಕಟ್ಟಿದ ‘ವಚನ ಸಂಚಯ’ದಲ್ಲಿ ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ವಚನಗಳಿವೆ; ಒಂದು ಪದವನ್ನು ಕೊಟ್ಟರೆ ಅದು ಯಾವ ಯಾವ ವಚನಕಾರರಲ್ಲಿ ಎಷ್ಟು ಸಲ ಬಂದಿದೆಯೆಂಬುದನ್ನು ಕ್ಷಣಾರ್ಧದಲ್ಲಿ ತೋರಿಸುತ್ತದೆ. ಹಿಂದಿನ ವಿದ್ವಾಂಸರು ಇಂಥ ಒಂದು ಪದಾನುಕ್ರಮಣಿಕೆಗಾಗಿ ಚೀಟಿಗಳನ್ನು ಬರೆದು ಬರೆದು ಕಣ್ಣು ಕಳೆದುಕೊಳ್ಳುತ್ತಿದ್ದರು. ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಹದಿನಾಲ್ಕು ಸಂಪುಟಗಳ ಪೈಕಿ ಆರನ್ನು ಯಾರು ಬೇಕಾದರೂ ಮರುಬಳಕೆ ಮಾಡಬಹುದಾದ ಪರವಾನಗಿಯಡಿ ಬಿಟ್ಟುಕೊಟ್ಟಿತು. ಜನರ ತೆರಿಗೆಯಿಂದ ಆದ ಪಾಂಡಿತ್ಯ ಜನರಿಗೆ ಮರಳಿತು.

ಇದುವರೆಗೆ ಹೇಳಿದ್ದೆಲ್ಲ ಗತಿಸಿದವರ ಕೃತಿಗಳ ಮಾತು. ರಂಗಭೂಮಿ, ಸಂಗೀತ, ಯಕ್ಷಗಾನಗಳ ವಿಷಯಕ್ಕೆ ಬಂದರೆ ಇದೇ ತರ್ಕವನ್ನು ಕಣ್ಣು ಮುಚ್ಚಿ ಅನ್ವಯಿಸುವಂತಿಲ್ಲ. ಅಲ್ಲಿ ಕಲೆಯ ಹಿಂದೆ ಉಸಿರಾಡುವ ಕಲಾವಿದನೂ ಅವನ ಹಿಂದೆ ಅವನ ಸಂಸಾರವೂ ಉಂಟು. ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರ ಜೂನ್ 25ರಂದು ‘ಫೆದ್ರ’ ನಾಟಕವನ್ನು ಸಿನಿಮಾ ಮಂದಿರಗಳಿಗೆ ನೇರವಾಗಿ ಪ್ರಸಾರ ಮಾಡಿತು. ಇದರಿಂದ ಸಣ್ಣ ಊರುಗಳ ನಾಟಕಶಾಲೆಗಳು ಬರಿದಾದಾವೆಂಬ ಭೀತಿ ಹುಟ್ಟಿತ್ತು. ಆಗ ನಡೆದ ಅಧ್ಯಯನದಲ್ಲಿ ಅಂಥ ಹಾನಿ ಕಂಡುಬರಲಿಲ್ಲ. ಸಿನಿಮಾ ಮಂದಿರದಲ್ಲಿ ನಾಟಕ ನೋಡಿದವರು ರಂಗಮಂದಿರದಲ್ಲಿ ನೋಡಿದವರಿಗಿಂತಲೂ ಹೆಚ್ಚು ಭಾವಪರವಶರಾಗಿದ್ದೆವೆಂದು ಹೇಳಿಕೊಂಡರೆಂಬುದು ಸೋಜಿಗದ ಸಂಗತಿ. ಆದರೆ ಅಲ್ಲಿ ಟಿಕೆಟ್ಟು ಇತ್ತು, ಕರಾರು ಇತ್ತು.

ನಮ್ಮ ಕರಾವಳಿಯಲ್ಲಿ ರಾತ್ರಿ ಹನ್ನೆರಡರ ಹೊತ್ತಿಗೆ ಭಾಗವತರು ಎತ್ತಿದ ಪದ್ಯವೊಂದು ಚೌಕಿಯಲ್ಲಿ ವೇಷಗಳು ಬಣ್ಣ ತೆಗೆಯುವುದಕ್ಕೆ ಮುಂಚೆಯೇ ನೂರಾರು ಮೊಬೈಲುಗಳಿಗೆ ಹೋಗಿ ಸೇರುತ್ತದೆ. ಸಭೆಯ ಮುಂದಿನ ಸಾಲಿನಲ್ಲಿ ಕುಳಿತವನು ಅದನ್ನು ಹಿಡಿದು ಯೂಟ್ಯೂಬಿಗೆ ಏರಿಸಿ, ಜಾಹೀರಾತಿನಿಂದ ಬಂದ ಪುಡಿಗಾಸನ್ನು ತಾನು ಜೇಬಿಗಿಳಿಸಿದರೆ, ಕಂಠ ಸವೆಸಿದವನಿಗೆ ದಕ್ಕುವುದೇನು? 2020ರ ಮಾರ್ಚಿನಲ್ಲಿ ಕೊರೋನದ ದೆಸೆಯಿಂದ ಯಕ್ಷಗಾನ ಮೇಳಗಳ ತಿರುಗಾಟ ನಡುವೆಯೇ ನಿಂತುಹೋದಾಗ, ತಿರುಗಾಟ ಮುಗಿಯುವ ಪತ್ತನಾಜೆಯವರೆಗಿನ ಸಂಬಳವನ್ನೇ ನೆಚ್ಚಿದ್ದ ಕಲಾವಿದರಿಗೆ ಈ ಪ್ರಶ್ನೆ ಬಹಳ ಕಟುವಾಗಿ ಎದುರಾಯಿತು. ಪ್ರೇಕ್ಷಕರಿಲ್ಲದ ರಂಗಸ್ಥಳದಿಂದ ನೇರಪ್ರಸಾರ ಮಾಡಿ, ನೋಡಿದವರು ತಮಗೆ ತೋಚಿದಷ್ಟು ಕಳುಹಿಸಲೆಂದು ಬ್ಯಾಂಕಿನ ಖಾತೆಯ ಸಂಖ್ಯೆಯನ್ನು ತೆರೆಯ ಕೆಳಗೆ ಹಾಕುವ ಪದ್ಧತಿ ಬಂತು. ದುಬೈಯಲ್ಲಿಯೋ ಮುಂಬಯಿಯಲ್ಲಿಯೋ ಇರುವ ಊರವರು ಕಳುಹಿಸಿದರು ಕೂಡ. ಆದರೆ ದಾನವು ಒಂದು ವ್ಯವಸ್ಥೆಯಾಗಲಾರದು. ಗತಿಸಿದವರ ಕೃತಿಯನ್ನು ಬಾಚಿ ಕೊಡಬೇಕು, ಬದುಕಿರುವವರ ಕೃತಿಯನ್ನು ಕೇಳಿ, ಕೊಟ್ಟು, ಪಡೆಯಬೇಕು. ಎರಡರ ನಡುವಣ ಈ ಭೇದವನ್ನು ಮರೆತ ಔದಾರ್ಯವು ಪರರ ಸೊತ್ತಿನ ಔದಾರ್ಯವಾಗುತ್ತದೆ.

ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮುಗಳ ವಿಚಾರವನ್ನು ಹೆಚ್ಚು ಬೆಳಸಬೇಕಾದ್ದಿಲ್ಲ. ಬಹುಮಟ್ಟಿಗೆ ನಮ್ಮ ಸಂಘಸಂಸ್ಥೆಗಳು ಅವನ್ನು ಗೋಡೆಗೆ ಅಂಟಿಸುವ ಭಿತ್ತಿಪತ್ರದಂತೆ ಉಪಯೋಗಿಸುತ್ತವೆ; ಕಾರ್ಯಕ್ರಮದ ಆಮಂತ್ರಣ ಒಂದು ದಿನ, ಶಾಲು ಹೊದಿಸಿದ ಚಿತ್ರ ಮರುದಿನ. ಅಧ್ಯಕ್ಷರ ಮುಖ ಕಾಣುವಷ್ಟು ಸ್ಪಷ್ಟವಾಗಿ ಕಲಾವಿದನ ಮುಖ ಕಾಣುವುದಿಲ್ಲ. ಇರಲಿ.

ಇನ್ನೊಂದು ಎಚ್ಚರಿಕೆಯ ಮಾತನ್ನು ಮಾತ್ರ ಹೇಳದೆ ಬಿಡುವಂತಿಲ್ಲ. ಇಂಗ್ಲೆಂಡಿನ ದೊರೆ ಮೊದಲನೆಯ ವಿಲಿಯಮನು 1086ರಲ್ಲಿ ಮಾಡಿಸಿದ ಭೂಕಂದಾಯದ ಲೆಕ್ಕದ ಪುಸ್ತಕಕ್ಕೆ ‘ಡೂಮ್ಸ್‌ಡೇ ಬುಕ್’ ಎಂದು ಹೆಸರು. ಅದರ ಒಂಬತ್ತು ನೂರನೆಯ ವರ್ಷದ ನೆನಪಿಗಾಗಿ 1986ರಲ್ಲಿ ಬಿ.ಬಿ.ಸಿ. ಸಂಸ್ಥೆಯು ದೇಶದ ಜನಜೀವನದ ಚಿತ್ರ, ಬರಹ, ನಕ್ಷೆಗಳನ್ನೆಲ್ಲ ಶಾಲೆಯ ಮಕ್ಕಳಿಂದಲೂ ಕಲೆಹಾಕಿಸಿ ಅಂದಿನ ಅತ್ಯಾಧುನಿಕ ಲೇಸರ್ ಡಿಸ್ಕುಗಳಲ್ಲಿ ತುಂಬಿಸಿತು. ಹದಿನೈದು ವರ್ಷ ಕಳೆಯುವುದರೊಳಗೆ ಆ ಡಿಸ್ಕುಗಳನ್ನು ಓದುವ ಯಂತ್ರಗಳೇ ಅಪರೂಪವಾಗಿ, ಒಳಗಿನದನ್ನು ಪಾರುಮಾಡಲು ತಜ್ಞರು ಪರದಾಡಬೇಕಾಯಿತು. ತೊಗಲಿನ ಮೇಲೆ ಮಸಿಯಿಂದ ಬರೆದ 1086ರ ಪುಸ್ತಕವನ್ನಾದರೋ ಲ್ಯಾಟಿನ್ ಬಲ್ಲವರು ಇಂದಿಗೂ ಕುಳಿತು ಓದಬಹುದು. ನಮ್ಮಲ್ಲಿಯೂ ಅನುದಾನ ಬಂದ ವರ್ಷ ಹುಟ್ಟಿ, ಅನುದಾನ ಮುಗಿದ ವರ್ಷ ಕಣ್ಮುಚ್ಚಿದ ಜಾಲತಾಣಗಳು ಹೇರಳವಾಗಿವೆ. ಒಮ್ಮೆ ಡಿಜಿಟಲ್ ಮಾಡಿದರೆ ಚಿರಂಜೀವಿಯಾಯಿತೆಂದು ನಂಬಿ, ಮೂಲದ ತಾಳೆಗರಿಯನ್ನೋ ಧ್ವನಿಸುರುಳಿಯನ್ನೋ ಗುಜರಿಗೆ ಹಾಕುವವರಿಗಿಂತ ದೊಡ್ಡ ವೈರಿಗಳು ಸಂಸ್ಕೃತಿಗೆ ಬೇರಿಲ್ಲ. ಪ್ರತಿಗಳು ಒಂದೆಡೆ ಇರದೆ ಹತ್ತು ಕಡೆ ಇರುವುದೇ ಇದಕ್ಕೆ ತಕ್ಕ ರಕ್ಷಣೆ. ಹತ್ತು ಕಡೆ ಇರಬೇಕಾದರೆ ಮೊದಲು ಹತ್ತು ಜನಕ್ಕೆ ಕೊಟ್ಟಿರಬೇಕು.

ಕರ್ನಾಟಕದಲ್ಲಿ ಸಾಹಿತ್ಯಕ್ಕೊಂದು, ಸಂಗೀತ ನೃತ್ಯಕ್ಕೊಂದು, ನಾಟಕಕ್ಕೊಂದು, ಲಲಿತಕಲೆಗೊಂದು, ಶಿಲ್ಪಕ್ಕೊಂದು, ಜಾನಪದಕ್ಕೊಂದು, ಯಕ್ಷಗಾನಕ್ಕೊಂದು ಅಕಾಡೆಮಿ ಇದೆ. ಅವು ನಡೆಸಿದ ಕಾರ್ಯಕ್ರಮಗಳ ಧ್ವನಿಮುದ್ರಣಗಳು, ಹೊರತಂದು ಮರುಮುದ್ರಣವಾ​ಗದೆ ನಿಂತ ಪುಸ್ತಕಗಳು, ಹಿರಿಯ ಕಲಾವಿದರೊಡನೆ ನಡೆಸಿದ ಸಂದರ್ಶನಗಳು ಸಾರ್ವಜನಿಕರ ಹಣದಿಂದಲೇ ಆದವು. ಅವುಗಳಲ್ಲಿ ಹಕ್ಕಿನ ತೊಡಕಿಲ್ಲದವನ್ನು ತಡವಿಲ್ಲದೆಯೂ, ತೊಡಕಿರುವವನ್ನು ಕಲಾವಿದರ ಅಥವಾ ಅವರ ವಾರಸುದಾರರ ಒಪ್ಪಿಗೆಯನ್ನೂ ಗೌರವಧನವನ್ನೂ ಇತ್ಯರ್ಥಪಡಿಸಿಕೊಂಡ ಮೇಲೆಯೂ, ಹಾಡಿದವರು ಯಾರು, ಬಾರಿಸಿದವರು ಯಾರು, ಯಾವ ಊರು, ಯಾವ ವರ್ಷ ಎಂಬ ವಿವರದೊಡನೆ ಎಲ್ಲರೂ ಇಳಿಸಿಕೊಳ್ಳುವಂತೆ ತೆರೆದಿಡುವುದು ಕರ್ತವ್ಯ. ವಿವರವಿಲ್ಲದೆ ಏರಿಸಿದ ಚಿತ್ರ ಹೆಸರು ಬರೆಯದ ಔಷಧದ ಸೀಸೆಯಷ್ಟೇ ನಿರುಪಯೋಗಿ. ಈ ಕೆಲಸಕ್ಕೆ ಹೊಸ ಕಟ್ಟಡ ಬೇಕಿಲ್ಲ, ಹೊಸ ಅಕಾಡೆಮಿಯಂತೂ ಬೇಡವೇ ಬೇಡ. ಮುಂದಿನ ವರ್ಷದ ಆಯವ್ಯಯದಲ್ಲಿ ಒಂದು ಬಾಬ್ತು ಸೇರಿದರೆ ಸಾಕು. ಸೇರಿದೆಯೇ ಇಲ್ಲವೇ ಎಂದು ಅಕಾಡೆಮಿಗೆ ಒಂದು ಕಾಗದ ಬರೆದು ವಿಚಾರಿಸುವ ಹಕ್ಕು ತೆರಿಗೆ ತೆರುವ ಪ್ರತಿಯೊಬ್ಬ ಓದುಗರಿಗೂ ಇದೆ, ದಯವಿಟ್ಟು ಬರೆಯಿರಿ.